ಹಾಸು ಹಿಡಿಯದ ಬೀದಿ

ನಮ್ಮವ್ವ ಹೆಬ್ಬೆಟ್ಟು ಒತ್ತಿದ್ದು ಒಂದೇ ಒಂದು ಕೊಂಬೆ ಕಡಿಯಲಿ ಅಂತ. ಹೋದದ್ದು ಹನ್ನೊಂದು ಮರ. ಅವುಗಳ ಹಿಂದೆಯೇ ಒಬ್ಬ ಮನುಷ್ಯ.

ಎಂಬತ್ತೇಳನೇ ಇಸವಿ. ಹಿಂದೂಪುರದಿಂದ ಪರಿಗಿ ಕಡೆಗೆ ಹೋಗುವ ದಾರಿಯ ಮಗ್ಗುಲಲ್ಲಿ ನಮ್ಮ ನೇಕಾರರ ಬೀದಿ. ಮಗ್ಗದ ಕೆಲಸ ಅಂದರೆ ಮನೆಯೊಳಗೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುವುದು ಅಂತ ಹೊರಗಿನವರು ತಿಳಿದಿದ್ದಾರೆ. ಅರ್ಧ ಕೆಲಸ ನಡೆಯುವುದು ಬೀದಿಯಲ್ಲಿ. ಮಗ್ಗಕ್ಕೆ ಉದ್ದುದ್ದ ಏರಿಸುವ ನೂಲಿಗೆ ನಾವು ಹಾಸು ಅನ್ನುತ್ತೇವೆ. ಅದನ್ನು ಮೂವತ್ತು ಗಜ ಬೀದಿಯುದ್ದಕ್ಕೂ ಎಳೆದು ಕಟ್ಟಬೇಕು, ಗಂಜಿ ಚಿಮುಕಿಸಬೇಕು, ಅದು ಒಣಗುವುದರೊಳಗೆ ಇಬ್ಬರು ಕುಂಚ ಹಿಡಿದು ಆ ತುದಿಯಿಂದ ಈ ತುದಿಗೆ ಎಳೆಯಬೇಕು. ಮಿಕ್ಕವರು ಅಂಟಿದ ಎಳೆ ಬಿಡಿಸುತ್ತ, ತುಂಡಾದ ಎಳೆ ಕಟ್ಟುತ್ತ ಜೊತೆಗೆ ನಡೆಯಬೇಕು. ಎಂಟು ಹತ್ತು ಕೈ ಇಲ್ಲದೆ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಹಾಸು ಹಿಡಿಯಲು ನಾವು, ನಾಳೆ ನಮ್ಮದಕ್ಕೆ ನೀವು. ಮುಯ್ಯಿ. ಗಂಡನಿಲ್ಲದ ನಮ್ಮವ್ವ ಕದಿರಮ್ಮ ಮಗ್ಗ ನಡೆಸಿಕೊಂಡು ನನ್ನನ್ನು ಸಾಕಿದ್ದು ಈ ಮುಯ್ಯಿಯ ಮೇಲೆ.

ಇನ್ನೊಂದು ಬೇಕು. ನೆರಳು. ಬಿಸಿಲಲ್ಲಿ ಗಂಜಿ ಹೆಪ್ಪುಗಟ್ಟುತ್ತದೆ, ನೂಲು ಕಡ್ಡಿಯಾಗಿ ಪಟಪಟ ಮುರಿಯುತ್ತದೆ. ಅದಕ್ಕೇ ನಮ್ಮ ಹಿರಿಯರು ಬೀದಿಯ ಒಂದು ಮಗ್ಗುಲಿಗೆ ಸಾಲಾಗಿ ಹೊಂಗೆ ನೆಟ್ಟು, ಮಿಕ್ಕ ಗಂಜಿ ನೀರನ್ನೇ ಸುರಿದು ಬೆಳೆಸಿದ್ದರು. ಶಿವರಾತ್ರಿಗೆ ಎಲೆ ಉದುರಿ ಬೋಳಾಗುತ್ತಿದ್ದವು. ಬಿಸಿಲು ನಿಜವಾಗಿ ಕಾಯಲು ಶುರುವಾಗುವಷ್ಟರಲ್ಲಿ, ಯುಗಾದಿಗೆ ಸರಿಯಾಗಿ, ಎಣ್ಣೆ ಸವರಿದಂತೆ ಹೊಳೆಯುವ ಎಳೆ ಚಿಗುರು. ಬೆಳಗ್ಗೆ ಎದ್ದು ನಾವು ಮೊದಲು ನೋಡುತ್ತಿದ್ದದ್ದು ಮರದ ನೆತ್ತಿ. ತುದಿ ಎಲೆ ಮಾತ್ರ ಆಡುತ್ತಿದ್ದರೆ ಹಾಸು ಬಿಚ್ಚಬಹುದು. ಕೊಂಬೆಯೇ ತೂಗಿದರೆ ಇವತ್ತು ಬೇಡ. ಎಲೆ ಮಗುಚಿ ಬೆಳ್ಳಗೆ ಕಂಡರೆ ಮಳೆ ಎಲ್ಲೋ ಹತ್ತಿರದಲ್ಲೇ ಇದೆ.

ಒಂದೇ ಒಂದು ಕಾಟ. ಚೈತ್ರ ಕಳೆಯುವಾಗ ಹೊಂಗೆ ಹೂ ಬಿಡುತ್ತದೆ. ಮಂಡಕ್ಕಿ ಚೆಲ್ಲಿದ ಹಾಗೆ ದಿನವಿಡೀ ಉದುರುತ್ತದೆ. ಹಸಿ ಗಂಜಿಯ ನೂಲಿನ ಮೇಲೆ ಬಿದ್ದರೆ ಅಂಟಿಕೊಂಡು ಕಂದು ಕಲೆ. ಹಿಂದಿನ ವರ್ಷ ನಮ್ಮ ಮನೆ ಮುಂದಿನ ಮರದ ಒಂದು ಕೊಂಬೆ, ಬೀದಿಗೆ ಅಡ್ಡ ಚಾಚಿಕೊಂಡಿದ್ದದ್ದು, ನಮ್ಮ ಪಂಚೆಯ ಹಾಸೊಂದನ್ನು ಪೂರಾ ಕೆಡಿಸಿತ್ತು. ಅವ್ವ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತ ಒಂದೊಂದೇ ಹೂ ಹೆಕ್ಕಿದ್ದಳು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ದಾರಿಯ ತಿರುವಿನಲ್ಲಿ ಜಾಲಿ ಸವರಲು ಆಳುಗಳು ಬಂದರು. ಜೊತೆಗೆ ಒಬ್ಬ ಕಂಟ್ರಾಕ್ಟರು. ಬಿಳಿ ಷರ್ಟು, ಕಂಕುಳಲ್ಲಿ ರೆಗ್ಜಿನ್ ಬ್ಯಾಗು. ಯಾವ ಊರಿನವನೋ, ಯಾವ ಸಾಮಿಲ್ಲಿನವನೋ ನಮಗೆ ಇವತ್ತಿಗೂ ಗೊತ್ತಿಲ್ಲ. ಅವ್ವ ಅವನನ್ನು ಕರೆದು ಚೊಂಬಿನ ತುಂಬ ಮಜ್ಜಿಗೆ ಕೊಟ್ಟಳು.

"ಯಪ್ಪಾ, ಈ ಅಡ್ಡ ಕೊಂಬೆ ಒಂದು ಸವರಿಸಿ ಹೋಗ್ತೀಯಾ? ಹೂವು ಬಿಡೋಕೆ ಮುಂಚೆ."

ಅವನು ಮರ ನೋಡಿದ. ಆಮೇಲೆ ಸಾಲು ಪೂರ್ತಿ ನೋಡಿದ. ಬುಡದ ಸುತ್ತಳತೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದ ಅಂತ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

"ದಾನಿಕೇಮಮ್ಮಾ, ಅದಕ್ಕೇನಂತೆ, ಮಾಡ್ಸಣ. ಬೀದಿಯೋರು ಕೇಳಿದ್ರು ಅಂತ ಒಂದು ಕಾಗದ ಇರಲಿ. ಇಲ್ಲಿ ಬೆರಳು ಒತ್ತು."

"ಏನಪ್ಪ ಬರೆದಿದ್ದೀಯ ಅದ್ರಾಗೆ?"

"ಕೊಂಬೆ ಅಂತ ಬರೆದಿದ್ದೀನಿ, ಇನ್ನೇನು ಬರೀಲಿ? ನಿನ್ನ ಆಸ್ತಿ ಬರೆಸ್ಕೊಳ್ತೀನಾ?"

ಅವ್ವ ನಕ್ಕಳು. "ನನ್ನ ಆಸ್ತಿ ಬರೆಸ್ಕೊಂಡ್ರೆ ನಿಂಗೆ ಈ ಮಗಳೂ ಬತ್ತಾಳೆ ಕಣಪ್ಪ, ಮದುವೆ ನೀನೇ ಮಾಡ್ಬೇಕಾಯ್ತದೆ" ಅಂದು ಹೆಬ್ಬೆಟ್ಟು ಒತ್ತಿದಳು. ನಾನು ಬಾಗಿಲಲ್ಲಿ ರಾಟೆ ತಿರುಗಿಸುತ್ತ ಕೂತಿದ್ದೆ. ಆರನೇ ಕ್ಲಾಸು ಓದಿದವಳು. ಎದ್ದು ಆ ಕಾಗದ ಓದಬಹುದಿತ್ತು. ಏಳಲಿಲ್ಲ.

ಅಮಾವಾಸ್ಯೆ ದಿನ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಯುಗಾದಿಯ ಹಿಂದಿನ ಅಮಾವಾಸ್ಯೆಗೆ ಬೀದಿಯ ಹಿರಿಯ ಸೀತಾರಾಮಪ್ಪನ ಅಣ್ಣನ ತಿಥಿ ಅಂತ ಮುಕ್ಕಾಲು ಬೀದಿ ಚಿಲಮತ್ತೂರಿಗೆ ಹೋಗಿತ್ತು, ಉಳಿದವರು ಮುದುಕರು, ಮಕ್ಕಳು. ನಾವೂ ಹೋಗಿದ್ದೆವು. ಸಾಯಂಕಾಲದ ಬಸ್ಸಿಳಿದು ಬರುವಾಗ ಮುಂದೆ ನಡೆಯುತ್ತಿದ್ದ ಪಕ್ಕದ ಮನೆಯ ಮುನಿಯಕ್ಕ ನಿಂತುಬಿಟ್ಟಳು. "ಇದು ನಮ್ಮ ಬೀದಿಯೇನ್ರೇ?" ಅಂದಳು. ಯಾರೂ ನಗಲಿಲ್ಲ. ಬೀದಿ ಅಷ್ಟಗಲ ಯಾವತ್ತೂ ಕಂಡಿರಲಿಲ್ಲ. ಮನೆಗಳು ಬೆತ್ತಲೆ ನಿಂತಿದ್ದವು. ದಿಮ್ಮಿಗಳು ಆಗಲೇ ಲಾರಿ ಹತ್ತಿದ್ದವು, ಉಳಿದದ್ದು ಹನ್ನೊಂದು ಬುಡ, ನೆಲದ ತುಂಬ ಎಳೆ ಚಿಗುರು, ಒಡೆದ ಕಾಗೆ ಮೊಟ್ಟೆ. ಕಾಗೆಗಳು ಕೂರಲು ಜಾಗವಿಲ್ಲದೆ ಕತ್ತಲಾಗುವವರೆಗೂ ಸುತ್ತುತ್ತಿದ್ದವು.

ಕೊನೆಯ ಲಾರಿಯ ಮುಂದೆ ಸೀತಾರಾಮಪ್ಪ ಅಡ್ಡ ನಿಂತ. ಕಂಟ್ರಾಕ್ಟರು ಬ್ಯಾಗಿನಿಂದ ಕಾಗದ ತೆಗೆದು, ಮಡಿಚಿದ್ದನ್ನು ಬಿಚ್ಚದೆಯೇ ಆಡಿಸಿದ.

"ನಾನೇನು ಕದ್ದಿದ್ದೀನಾ ಯಜಮಾನ್ರೇ? ನಿಮ್ಮ ಬೀದಿಯೋರೇ ಕೇಳಿರೋದು. ಬೆರಳು ಒತ್ತಿ ಕೊಟ್ಟವರೆ."

"ಯಾರು?"

"ಅದು ನೀವು ನೀವು ನೋಡ್ಕಳ್ರಿ" ಅಂತ ಲಾರಿ ಹತ್ತಿದ.

ಅವತ್ತು ಆ ಕಾಗದ ಕಿತ್ತುಕೊಂಡು ನೋಡಿದ್ದರೆ? ಲಾರಿಯ ನಂಬರಾದರೂ ಬರೆದುಕೊಂಡಿದ್ದರೆ? ಮಾರನೇ ದಿನ ಇಪ್ಪತ್ತು ಜನ ಕಚೇರಿಗೆ ಹೋಗಿ, ಈ ಮರ ಕಡಿಯಲು ಇವನಿಗೆ ಹೇಳಿದ್ದು ಯಾರು ಅಂತ ಕೇಳಿದ್ದರೆ? ಒಬ್ಬರ ಬಾಯಲ್ಲೂ ಆ ಮಾತು ಬರಲಿಲ್ಲ. ಬಿಳಿ ಷರ್ಟಿನವನನ್ನು ಬಿಟ್ಟುಬಿಟ್ಟು, ಹರಿದ ಬನಿಯನ್ನಿನವನನ್ನು ಹುಡುಕಲು ಹೊರಟೆವು. ನಮಗೆ ಅಷ್ಟೇ ಧೈರ್ಯ ಇದ್ದದ್ದು.

ಯುಗಾದಿ ದಿನ ಬೇವು ಬೆಲ್ಲ ತಿಂದ ಬಾಯಲ್ಲೇ ಸೀತಾರಾಮಪ್ಪನ ಜಗಲಿಯಲ್ಲಿ ಸೇರಿದರು. ಈರಲಿಂಗಪ್ಪನ ಹೆಸರು ತೆಗೆದವಳು ಮುನಿಯಕ್ಕ. ಈರಲಿಂಗಪ್ಪನದು ನಮ್ಮ ಎದುರು ಮನೆ. ಅವನೂ ಅವನ ಹೆಂಡತಿ ಶಿವಲಕ್ಷ್ಮಮ್ಮನೂ ಇಬ್ಬರೇ. ಅವನ ಸೂರಿನ ಹಂಚಿನ ಮೇಲೆ ಹೊಂಗೆ ಎಲೆ ಬಿದ್ದು ಕೊಳೆತು ಮಳೆಗಾಲದಲ್ಲಿ ಸೋರುತ್ತಿತ್ತು. ಏಣಿ ಹತ್ತಿ ಎಲೆ ಗುಡಿಸುವಾಗಲೆಲ್ಲ ಬೀದಿಗೆ ಕೇಳುವ ಹಾಗೆ, "ಈ ಮರಕ್ಕೆ ಸಿಡ್ಲು ಬಡಿಯಾ, ನನ್ನ ಮನೆ ಮೇಲೇ ಮಲಗ್ತದಲ್ಲಪ್ಪ, ಬಾಡಿಗೆ ಕೊಡು ಅನ್ರಿ ಇದಕ್ಕೆ!" ಅಂತ ಬೈಯುತ್ತಿದ್ದ. ನಾವು ನಗುತ್ತಿದ್ದೆವು. ಮೇಲಾಗಿ ಮಂಡಿ ನೋವು ಅಂತ ಅವನು ತಿಥಿಗೂ ಬಂದಿರಲಿಲ್ಲ.

"ಮನೇಲೇ ಇದ್ಯಲ್ಲಪ್ಪ, ಹನ್ನೊಂದು ಮರ ಕಡಿಯೋ ತಂಕ ಏನು ಮಾಡ್ತಿದ್ದೆ?" ಸೀತಾರಾಮಪ್ಪ ಕೇಳಿದ.

"ಅಡ್ಡ ಹೋದೆ ಕಣಣ್ಣ. ತಳ್ಳಿಬುಟ್ರು. ನೋಡಿಲ್ಲಿ ಮೊಣಕೈ."

"ಅದು ಏಣಿಯಿಂದ ಬಿದ್ದಿದ್ದೂ ಆಗಿರಬೈದು" ಮುನಿಯಕ್ಕ ಅಂದಳು. "ಬಾಡಿಗೆ ಕೇಳ್ತಿದ್ಯಲ್ಲ, ವಸೂಲಿ ಆಯ್ತೇನೋ?"

"ಮಗ್ಗದ ಆಣೆ. ನಾನು ಬೆರಳು ಒತ್ತಿಲ್ಲ."

"ಮತ್ಯಾರು?"

ಈರಲಿಂಗಪ್ಪ ತಲೆಯೆತ್ತಿದ. ಒಂದು ಗಳಿಗೆ ಹೆಂಗಸರ ಕಡೆಗೆ ನೋಡಿದ. ನನ್ನ ಪಕ್ಕದಲ್ಲಿ ಅವ್ವ ಸೆರಗನ್ನು ಮುಖದ ಮೇಲಕ್ಕೆ ಎಳೆದುಕೊಂಡಳು. ಅವನು ತಲೆ ತಗ್ಗಿಸಿದ. "ನಂಗೊತ್ತಿಲ್ಲ" ಅಂದ.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವ್ವ ನನ್ನ ಕೈ ಹಿಡಿದಳು. "ನಾಲ್ಕು ದಿನ ಹೋದ್ರೆ ತಣ್ಣಗಾಯ್ತದೆ ಕಣಮ್ಮ. ಈಗ ಹೇಳಿದ್ರೆ ನಮ್ಮ ಹಾಸು ಯಾರು ಹಿಡೀತಾರೆ?"

ತಣ್ಣಗಾಗಲಿಲ್ಲ. ಆ ಬೇಸಿಗೆ ಯಾವುದೂ ತಣ್ಣಗಾಗಲಿಲ್ಲ. ಎಂಟು ಗಂಟೆಗೆಲ್ಲ ಬೀದಿ ಕಾದ ಹೆಂಚು. ಗಂಜಿ ಚಿಮುಕಿಸಿದಲ್ಲೇ ಒಣಗಿ ಗಂಟಾಗುತ್ತಿತ್ತು. ತುಂಡಾದ ಎಳೆ ಕಟ್ಟುತ್ತ ಬೆರಳ ತುದಿ ಸುಲಿದುಹೋಯಿತು. ಗಾಳಿ ಎತ್ತಣಿಂದ ಬರುತ್ತದೆ ಅಂತ ಹೇಳಲು ಒಂದು ಎಲೆ ಇರಲಿಲ್ಲ. ಭರಣಿ ಮಳೆ ಹೇಳದೆ ಕೇಳದೆ ಬಂದು ಸೀತಾರಾಮಪ್ಪನ ಹಾಸನ್ನು ಬೀದಿಯಲ್ಲೇ ತೊಳೆದುಹಾಕಿತು. ಹಾಸು ಕೆಟ್ಟಾಗಲೆಲ್ಲ ಒಬ್ಬರಲ್ಲ ಒಬ್ಬರು ಈರಲಿಂಗಪ್ಪನ ಬಾಗಿಲ ಕಡೆ ತಿರುಗಿ ಉಗುಳುತ್ತಿದ್ದರು.

ಅವನ ಹಾಸಿನ ಸರದಿ ಬಂದಾಗ ಯಾರೂ ಹೋಗಲಿಲ್ಲ. ಹೋಗಬೇಡಿ ಅಂತ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಇಂಥದಕ್ಕೆ ಡಂಗುರ ಬೇಕಾಗುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಮೂವತ್ತು ಗಜದ ನೂಲನ್ನು ಎಳೆದು ಕಟ್ಟಿದರು. ಕುಂಟುತ್ತ ಅವನು ಆ ಕಡೆ, ಅವಳು ಈ ಕಡೆ. ಇವಳು ಗಂಜಿ ಚಿಮುಕಿಸಿ ಮುಗಿಸುವುದರೊಳಗೆ ಅಲ್ಲಿ ಒಣಗಿರುತ್ತಿತ್ತು. ಅಲ್ಲಿ ಬಿಡಿಸಲು ಓಡಿದರೆ ಇಲ್ಲಿ ತುಂಡಾಗುತ್ತಿತ್ತು. ಬೀದಿಯ ಎರಡೂ ಕಡೆ ಬಾಗಿಲು ಬಾಗಿಲಿಗೂ ಜನ ನಿಂತು ನೋಡಿದೆವು. ಅವ್ವ ಹೊಸ್ತಿಲ ಆಚೆಗೆ ಒಂದು ಕಾಲಿಟ್ಟಳು.

"ಎಲ್ಲಿಗೆ ಕದಿರಮ್ಮಾ?" ಮುನಿಯಕ್ಕ ಪಕ್ಕದಿಂದಲೇ ಕೇಳಿದಳು.

"ಎಲ್ಲಿಗೂ ಇಲ್ಲ ಕಣೇ. ಕೋಳಿ ಹೊರಗೆ ಹೋಯ್ತಾ ಅಂತ ನೋಡ್ದೆ."

ಕಾಲನ್ನು ಒಳಕ್ಕೆ ತೆಗೆದುಕೊಂಡಳು. ಮಧ್ಯಾಹ್ನಕ್ಕೆ ಈರಲಿಂಗಪ್ಪ ಕುಡುಗೋಲು ತಂದು ಹಾಸನ್ನು ನಡುವೆ ಕತ್ತರಿಸಿ, ಎರಡೂ ತುಂಡು ಸುತ್ತಿ ಒಳಗೆ ಎಸೆದ.

ರೋಹಿಣಿ ಮಳೆ ಎರಡು ಬಿದ್ದ ಮೇಲೆ ಬುಡಗಳು ಚಿಗುರಿದವು. ಸುತ್ತ ಕೆಂಪಗೆ, ಎಳೆಗೂಸಿನ ಕಿವಿಯ ಹಾಗೆ. ಆಡುಗಳು ಬಾಯಿ ಹಾಕುತ್ತವೆ ಅಂತ ಈರಲಿಂಗಪ್ಪ ಹೊಲಗಳ ಕಡೆಯಿಂದ ಜಾಲಿ ಮುಳ್ಳು ಹೊತ್ತು ತಂದು ಹನ್ನೊಂದು ಬುಡಕ್ಕೂ ಬೇಲಿ ಕಟ್ಟಿದ. ನೇಯಲು ನೂಲಿಲ್ಲದವನಿಗೆ ಕೆಲಸ ಬೇಕಿತ್ತಲ್ಲ. ಅದಕ್ಕೂ ಬೀದಿ ಅರ್ಥ ಕಟ್ಟಿತು. "ನೋಡಿದ್ರಾ, ಪಾಪ ಕಳ್ಕೊಳ್ತಾವ್ನೆ. ಮಾಡಿಲ್ದಿದ್ರೆ ಯಾಕೆ ಕಟ್ತಿದ್ದ?" ಅಂದರು. ಅವತ್ತು ಅವ್ವ ಊಟ ಮಾಡಲಿಲ್ಲ.

ಆಷಾಢದ ಗಾಳಿ ಎದ್ದಿತು. ಮರವಿದ್ದಾಗ ಗಾಳಿ ಮೇಲೆ ಮೇಲೇ ಹೋಗಿಬಿಡುತ್ತಿತ್ತು, ನಮಗೆ ಬರೀ ಸದ್ದು ಕೇಳುತ್ತಿತ್ತು. ಈಗ ಧೂಳು ಹೊತ್ತು ನೇರ ಮಗ್ಗದ ಕುಣಿಗೇ ಇಳಿಯಿತು. ಅಂಥ ಒಂದು ಬೆಳಗ್ಗೆ ಈರಲಿಂಗಪ್ಪನ ಮನೆಯ ಮುಂದೆ ಎತ್ತಿನ ಗಾಡಿ ನಿಂತಿತು. ಮಗ್ಗದ ಮರಗಳನ್ನು ಬಿಚ್ಚಿ ಸೌದೆ ಅಂಗಡಿಗೆ ಹಾಕಿದ್ದನಂತೆ. ಗಾಡಿಯಲ್ಲಿ ಎರಡು ಟ್ರಂಕು, ಒರಳು, ಒಂದು ಚಾಪೆ ಸುರುಳಿ. ಕಲ್ಯಾಣದುರ್ಗದಲ್ಲಿ ಅವನ ಷಡ್ಡಕನದು ಸೈಕಲ್ ಶಾಪು. ಪಂಕ್ಚರ್ ಹಾಕಿಕೊಂಡಿರುತ್ತೇನೆ ಅಂತ ಗಾಡಿಯವನಿಗೆ ಹೇಳುತ್ತಿದ್ದದ್ದು ನಮ್ಮ ಬಾಗಿಲಿಗೆ ಕೇಳಿಸಿತು. ಗಾಡಿ ಹತ್ತುವ ಮುಂಚೆ ಅವನು ನಮ್ಮ ಮನೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತ. ಕರೆಯಬಹುದಿತ್ತು. ಅವ್ವ ಮಗ್ಗದಲ್ಲಿ ಕೂತಿದ್ದಳು. ಲಾಳಿ ಕೈಯಲ್ಲಿತ್ತು. ಎಸೆಯಲೂ ಇಲ್ಲ, ಎದ್ದೂ ಬರಲಿಲ್ಲ.

ಆಮೇಲೆ ಒಂದೇ ವಾರದಲ್ಲಿ ಮುಳ್ಳು ಗಾಳಿಗೆ ಹಾರಿತು. ಚಿಗುರನ್ನು ಆಡುಗಳು ತಿಂದವು. ಮತ್ತೆ ಬೇಲಿ ಕಟ್ಟುವವರು ಯಾರೂ ಇರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಅವ್ವ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಸೀತಾರಾಮಪ್ಪನ ಜಗಲಿಗೆ ನಡೆದಳು. ಅಲ್ಲಿ ಏಳೆಂಟು ಜನ ಇದ್ದರು.

"ಅಣ್ಣಾ, ಕಾಗದಕ್ಕೆ ಬೆರಳು ಒತ್ತಿದ್ದು ನಾನು."

ಸೀತಾರಾಮಪ್ಪ ಬೀಡಿ ಬಾಯಿಂದ ತೆಗೆದ. "ಯಾವ ಕಾಗದ?"

"ಮರದ ಕಾಗದ. ಹೂವು ಬೀಳ್ತದೆ, ಒಂದು ಕೊಂಬೆ ಸವರು ಅಂದೆ. ಅವನು ಏನು ಬರೆದಿದ್ನೋ. ಈರಲಿಂಗ ಅಲ್ಲ. ನಾನು."

ಮುನಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೈಯುತ್ತಾರೆ ಅಂತ ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಸೀತಾರಾಮಪ್ಪ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, "ಹೋಗಿ ಅವನ್ನ ಕರ್ಕೊಂಡು ಬಾರಮ್ಮ. ನಾವೆಲ್ಲ ನಿಂತು ಹಾಸು ಹಿಡೀತೀವಿ ಅನ್ನು. ಮಗ್ಗಕ್ಕೆ ಮರ ನಾನು ಕೊಡ್ತೀನಿ" ಅಂದ. "ನಾನೂ ಬತ್ತೀನಿ" ಅಂತ ಅವನು ಅನ್ನಲಿಲ್ಲ.

ಮಾರನೇ ದಿನ ಎರಡು ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ಮೋಡ. ಕಡಲೆಕಾಯಿ ಹೊಲಗಳ ಮೇಲೆ ನೆರಳು ಓಡುತ್ತಿತ್ತು, ಹನಿ ಬೀಳುತ್ತಿರಲಿಲ್ಲ. ಬಸ್ ಸ್ಟಾಂಡಿನಿಂದ ಬ್ರಹ್ಮಸಮುದ್ರದ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಸೈಕಲ್ ಶಾಪು. ಈರಲಿಂಗಪ್ಪ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುತ್ತಿದ್ದ. ಬೆರಳುಗಳೆಲ್ಲ ಮಸಿ. ಆ ಬೆರಳುಗಳು ಕೂದಲೆಳೆಯಷ್ಟು ಸಣ್ಣ ನೂಲಿಗೆ ಗಂಟು ಕಾಣದ ಹಾಗೆ ಗಂಟು ಹಾಕುತ್ತಿದ್ದವು.

"ಬಾ ಅಕ್ಕ" ಅಂದ, ನಿನ್ನೆ ಮೊನ್ನೆ ನೋಡಿದವನ ಹಾಗೆ.

ಅಂಗಡಿಯ ಹಿಂದೆಯೇ ಮನೆ. ಒಂದೇ ಕೋಣೆ. ಶಿವಲಕ್ಷ್ಮಮ್ಮ ನೀರು ತಂದಿಟ್ಟು ಗೋಡೆಗೆ ಒರಗಿ ನಿಂತಳು. ಅವ್ವ ಕೂರಲಿಲ್ಲ.

"ತಮ್ಮ, ಅವತ್ತು ಬೆರಳು ಒತ್ತಿದ್ದು..."

"ಗೊತ್ತು ಕಣಕ್ಕ."

"ಏನು ಗೊತ್ತು?"

"ಮಂಡಿಗೆ ಎಣ್ಣೆ ಹಚ್ಕೊಂಡು ಬಾಗಿಲಾಗೆ ಕೂತಿದ್ದೆ. ನೀನು ಮಜ್ಜಿಗೆ ಕೊಟ್ಟಿದ್ದು, ಅವನು ಕಾಗದ ತೆಗೆದಿದ್ದು, ಎಲ್ಲ ನೋಡ್ದೆ. ಎದುರು ಮನೆ ಅಲ್ವಾ."

"ಮತ್ತೆ ಯಾಕೋ ಹೇಳ್ಲಿಲ್ಲ? ಜಗಲಿಯಾಗೆ ಅಷ್ಟು ಜನ ಕೇಳಿದ್ರಲ್ಲೋ."

"ಹೇಳಿದ್ರೆ ನಿನ್ನ ಹಾಸು ಯಾರು ಹಿಡೀತಿದ್ರು? ಇಬ್ರೂ ಹೆಣ್ಣುಮಕ್ಕಳು. ನಂಗಾದ್ರೆ ಎಲ್ಲಾನ ಕೂಲಿ ಸಿಕ್ತದೆ." ಕೈಯಲ್ಲೇ ಹಿಡಿದು ತಂದಿದ್ದ ಟ್ಯೂಬನ್ನು ಒರೆಸುತ್ತ ಹೇಳುತ್ತಿದ್ದ, ಅವಳ ಮುಖ ನೋಡುತ್ತಿರಲಿಲ್ಲ. "ಸುಳ್ಳು ಯಾಕೆ ಹೇಳ್ಲಿ, ಬರೀ ಅದೇ ಅಲ್ಲ. ನೀನೇ ಹೇಳ್ತೀಯ ಅಂದ್ಕೊಂಡೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ. ಗಾಡಿ ಹತ್ತೋವಾಗ್ಲೂ ಅಂದ್ಕೊಂಡೆ."

"ಈಗ ಹೇಳಿದ್ದೀನಿ ಕಣೋ. ಎಲ್ಲರ ಮುಂದೂ ಹೇಳಿದ್ದೀನಿ. ಸೀತಾರಾಮಣ್ಣ ಮಗ್ಗಕ್ಕೆ ಮರ ಕೊಡ್ತಾನಂತೆ. ಎಲ್ಲಾರೂ ನಿಂತು ಹಾಸು ಹಿಡೀತಾರಂತೆ. ಬಾ, ಹೋಗಣ."

ಅವನು ನಕ್ಕ. ಏಣಿ ಮೇಲೆ ನಿಂತು ಮರಕ್ಕೆ ಬೈಯುವಾಗಿನ ನಗೆಯಲ್ಲ. "ಹಿಡೀತಾರೆ, ಯಾಕೆ ಹಿಡಿಯಲ್ಲ. ಇನ್ನೊಂದಿನ ಇನ್ನೊಬ್ಬನ್ನ ಬಿಡ್ತಾರೆ. ಅದನ್ನ ನಾನೂ ಬಾಗಿಲಾಗೆ ನಿಂತು ನೋಡ್ಬೇಕಾಯ್ತದೆ. ಬ್ಯಾಡ ಕಣಕ್ಕ. ಇಲ್ಲಿ ಸೈಕಲ್ಲು ಒಬ್ಬನೇ ಬಿಚ್ತೀನಿ, ಒಬ್ಬನೇ ಕಟ್ತೀನಿ. ಯಾರ ಕೈಯೂ ಬೇಕಾಗಿಲ್ಲ."

ಊಟಕ್ಕೆ ಇರಿ ಅಂದ. ಮುದ್ದೆ, ಹುರುಳಿ ಸಾರು. ಬಡಿಸಿದವಳು ಶಿವಲಕ್ಷ್ಮಮ್ಮ. ಹೊರಡುವಾಗ ಕುಂಕುಮ ಕೊಡಲು ನನ್ನನ್ನು ಮಾತ್ರ ಕರೆದಳು, ಇಟ್ಟಳು. ಆಮೇಲೆ ನನ್ನ ಹೆಗಲ ಮೇಲಿನಿಂದ ಅವ್ವನ ಕಡೆ ನೋಡಿ ಹೇಳಿದಳು. "ಅಂವ ಒಳ್ಳೆಯೋನು ಕಣಕ್ಕ, ಮರೀತಾನೆ. ನಾನು ಆ ನೂಲಿನ ಹಿಂದೆ ಓಡಿದೀನಿ. ನಂಗೆ ಆಗಲ್ಲ. ಇನ್ನೊಂದ್ಸಲ ಬರಬ್ಯಾಡ."

ಊರಿಗೆ ಬಂದಾಗ ಸಂಜೆಯಾಗಿತ್ತು. "ಏನಂದ?" ಅಂತ ಬೀದಿ ಕೇಳಿತು. ಬರಲ್ಲವಂತೆ ಅಂದೆ ನಾನು. ಎಲ್ಲರೂ ನಿಟ್ಟುಸಿರು ಬಿಟ್ಟರು. ಅದರಲ್ಲಿ ಅರ್ಧ ನಿರಾಳ ಇತ್ತು. ಬಂದಿದ್ದರೆ ದಿನಾ ಮುಖ ನೋಡಬೇಕಾಗಿತ್ತಲ್ಲ.

ಮಾರನೇ ಬೆಳಗ್ಗೆ ನಮ್ಮ ಹಾಸಿನ ಸರದಿ. ಯಾರೂ ಬರುವುದಿಲ್ಲ ಅಂತ ನಾನು ಗಂಜಿ ಕೂಡ ಕಾಯಿಸಿರಲಿಲ್ಲ. ಬಾಗಿಲು ತೆಗೆದರೆ ಹತ್ತು ಜನ ನಿಂತಿದ್ದರು. ಸೀತಾರಾಮಪ್ಪನ ಕೈಯಲ್ಲಿ ಕುಂಚ. ಮುನಿಯಕ್ಕ ಅವಳ ಮನೆಯಿಂದಲೇ ಗಂಜಿ ತಂದಿದ್ದಳು. ತಪ್ಪು ಮಾಡದವನ ಬಾಗಿಲು ತುಳಿಯದ ಬೀದಿ, ತಪ್ಪು ಮಾಡಿದವರ ಬಾಗಿಲಿಗೆ ಕರೆಯದೆ ಬಂದಿತ್ತು. ಒಬ್ಬನ ಮೇಲೆ ಹೊರಿಸಿ ಸೋತಿದ್ದ ಜನಕ್ಕೆ ಇನ್ನೊಬ್ಬಳ ಮೇಲೆ ಹೊರಿಸುವ ಮುಖ ಇರಲಿಲ್ಲ.

ಅವ್ವ ಹೊಸ್ತಿಲಿಗೆ ಬಂದಳು.

"ಹೋಗ್ರಪ್ಪ."

"ಕದಿರಮ್ಮಾ, ಆಗಿದ್ದು ಆಗೋಯ್ತು. ಬಿಸಿಲು ಏರ್ತದೆ, ಹಾಸು ತಾ" ಸೀತಾರಾಮಪ್ಪ ಅಂದ.

"ಅವನ ನೂಲು ಹಿಡೀದ ಕೈ ನಂದೂ ಹಿಡಿಯೋದು ಬ್ಯಾಡ. ನನ್ನ ಕೈನೂ ಅದರಾಗೆ ಸೇರಿಸಿಯೇ ಹೇಳ್ತಿದ್ದೀನಿ. ಹೋಗ್ರಿ."

ಅವರು ಹೋಗಲಿಲ್ಲ. ಗಂಜಿಯ ಪಾತ್ರೆ ಕೆಳಗಿಟ್ಟು ನಿಂತರು. ಸೂರ್ಯ ಮನೆಗಳ ಮೇಲೆ ಬಂದ. ಬೀದಿಯಲ್ಲಿ ನಿಲ್ಲಲು ಎಲ್ಲೂ ನೆರಳಿರಲಿಲ್ಲ. ಮೊದಲು ಮುನಿಯಕ್ಕ ಸೆರಗನ್ನು ತಲೆಗೆ ಹೊದ್ದಳು. ಆಮೇಲೆ ಒಬ್ಬ ಹೋದ, ಇನ್ನೊಬ್ಬ ಹೋದ. ಕೊನೆಗೆ ಸೀತಾರಾಮಪ್ಪನೊಬ್ಬನೇ ಉಳಿದ. ಗಂಜಿಯ ಮೇಲೆ ಕೆನೆ ಕಟ್ಟಿ, ಬಿರಿಯಿತು.

ಅವನೂ ಹೋದ ಮೇಲೆ ಅವ್ವ ಒಳಗೆ ಬಂದಳು. ಮಗ್ಗದಲ್ಲಿ ಎರಡು ಮೊಳ ನೇಯಲು ಬಾಕಿ ಇತ್ತು. ಅಷ್ಟನ್ನು ನೇಯ್ದು ಮುಗಿಸಿ, ಕುಣಿಯಿಂದ ಮೇಲಕ್ಕೆ ಹತ್ತಿ ಕಾಲು ತೊಳೆದುಕೊಂಡಳು. ಮತ್ತೆ ಆ ಕುಣಿಗೆ ಇಳಿಯಲಿಲ್ಲ.